ಸೆಂಬವಾಂಗ್‌ನ ಬಿಸಿನೀರು: ಬಾಟಲಿಯಿಂದ ಬಕೆಟ್‌ವರೆಗೆ

ಸಿಂಗಾಪುರ ಅಂದ ತಕ್ಷಣ ನಿಮ್ಮ ಕಣ್ಮುಂದೆ ಏನು ಬರುತ್ತೆ? ಮೂರು ಟವರ್ ಮೇಲೆ ಹಡಗು ಕೂರಿಸಿದ ಹಾಗಿರೋ ಮರೀನಾ ಬೇ ಸ್ಯಾಂಡ್ಸ್, ಚಾಂಗಿ ಏರ್‌ಪೋರ್ಟ್ ಒಳಗಿನ ಜಲಪಾತ, ಆರ್ಚರ್ಡ್ ರೋಡ್‌ನ ಮಾಲ್‌ಗಳು. ಇವತ್ತಿನ ಎಪಿಸೋಡ್ ಅದೇ ಊರಿನ ಉತ್ತರ ತುದಿಯ ಇನ್ನೊಂದು ಜಾಗದ ಬಗ್ಗೆ. ಅಲ್ಲಿ ಟಿಕೆಟ್ ಇಲ್ಲ, ಸೆಲ್ಫಿಗೆ ಅಂತ ಕಟ್ಟಿದ ಗೋಪುರ ಇಲ್ಲ. ಜನ ಪ್ಯಾಂಟ್ ಮಡಚಿಕೊಂಡು ಬಿಸಿನೀರಿಗೆ ಕಾಲು ಇಳಿಬಿಟ್ಟು ಕೂತಿರ್ತಾರೆ. ಸ್ವಲ್ಪ ಆಚೆ ಯಾರದೋ ಡಬ್ಬಿಯಲ್ಲಿ ಮೊಟ್ಟೆ ಬೇಯ್ತಾ ಇರುತ್ತೆ. ಹೆಸರು ಸೆಂಬವಾಂಗ್ ಹಾಟ್ ಸ್ಪ್ರಿಂಗ್ ಪಾರ್ಕ್.

ಮೊದಲು ಒಂದು ಸಾಮಾನ್ಯ ಪ್ರಶ್ನೆ. ಸಿಂಗಾಪುರ ಇರೋದು ಭೂಮಧ್ಯರೇಖೆಯಿಂದ ಸುಮಾರು 1 ಡಿಗ್ರಿ ಉತ್ತರಕ್ಕೆ. ವರ್ಷಪೂರ್ತಿ ಮಧ್ಯಾಹ್ನದ ಉಷ್ಣಾಂಶ 31 ಡಿಗ್ರಿಯ ಆಸುಪಾಸು, ಮೇಲೆ ಮಂಗಳೂರಿನ ಏಪ್ರಿಲ್ ತಿಂಗಳಿನಂಥ ಸೆಕೆ. ಅಂಥ ಊರಲ್ಲಿ ನೆಲದಿಂದ 70 ಡಿಗ್ರಿ ಬಿಸಿಯ ನೀರು ಉಕ್ಕಿದ್ರೆ ಅದರ ಸುತ್ತ ಏನು ಕಟ್ಟಬೇಕು? ಹಿಮ ಬೀಳೋ ಜಪಾನ್‌ನಲ್ಲಿ ಇದಕ್ಕೆ ನೂರಾರು ವರ್ಷಗಳ ಉತ್ತರ ಇದೆ. ಗೋಡೆ, ಬಾಗಿಲು, ಒಳಗೆ ಬೆಚ್ಚನೆಯ ಕೊಳ. ಅದನ್ನೇ ಎತ್ತಿ ತಂದು ಸೆಕೆನಾಡಿನಲ್ಲಿ ಇಟ್ರೆ ಅದು ಇಡ್ಲಿ ಪಾತ್ರೆ ಆಗುತ್ತೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರಲ್ಲ. ಗೋಡೆ ಕಟ್ಟಿದ್ರೆ ನೀರಿನ ಆವಿಯೂ ಒಳಗೇ ಉಳಿಯುತ್ತೆ. ಆಮೇಲೆ ಆ ಸೆಕೆ ಓಡಿಸೋಕೆ ಏಸಿ ಹಾಕ್ಬೇಕು. ಒಂದು ಕಡೆ ಭೂಮಿ ಪುಕ್ಕಟೆ ಬಿಸಿ ಕೊಡ್ತಿದೆ, ಇನ್ನೊಂದು ಕಡೆ ನಾವು ಕರೆಂಟ್ ಬಿಲ್ ಕಟ್ಟಿ ಅದನ್ನ ಹೊರಗೆ ಹಾಕ್ತಾ ಇದೀವಿ. ಬಿಕಾಂ ಓದಿದವನಿಗೆ ಇಂಥ ಲೆಕ್ಕ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಸೆಂಬವಾಂಗ್‌ನ ನೂರು ಚಿಲ್ಲರೆ ವರ್ಷದ ಕತೆ ಅಂದ್ರೆ ಈ ಪ್ರಶ್ನೆಗೆ ಬೇರೆಬೇರೆ ಮಾಲೀಕರು ಕೊಟ್ಟ ಬೇರೆಬೇರೆ ಉತ್ತರಗಳ ಕತೆ.

ಈ ಚಿಲುಮೆ ಸರ್ಕಾರಿ ದಾಖಲೆಗೆ ಬಂದಿದ್ದು 1909ರ ಸುಮಾರಿಗೆ. ಬ್ರಿಟಿಷ್ ಆಡಳಿತದ ಮುನಿಸಿಪಲ್ ರೇಂಜರ್ ಒಬ್ಬರು ಗಮನಿಸಿದ್ರು. 'ಕಂಡುಹಿಡಿದರು' ಅನ್ನೋ ಪದ ನಾನು ಬಳಸಲ್ಲ. ಪಕ್ಕದಲ್ಲಿದ್ದ ಹಳ್ಳಿಯ ಹೆಸರೇ ಕಂಪುಂಗ್ ಆಯರ್ ಪನಾಸ್. ಮಲಯ್ ಭಾಷೆಯಲ್ಲಿ ಆಯರ್ ಅಂದ್ರೆ ನೀರು, ಪನಾಸ್ ಅಂದ್ರೆ ಬಿಸಿ, ಕಂಪುಂಗ್ ಅಂದ್ರೆ ಹಳ್ಳಿ. ಬಿಸಿನೀರಿನ ಹಳ್ಳಿ. ನಮ್ಮ ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥ ಇದೆಯಲ್ಲ, ಅದೇ ಥರ. ನೀರಿನ ಗುಣ ಊರವರ ಬಾಯಲ್ಲಿ ಹೆಸರಾಗಿ ಕೂತಿರುತ್ತೆ, ಅಧಿಕಾರಿ ಬಂದು ಡೈರಿಯಲ್ಲಿ ಬರೆಯೋದು ಆಮೇಲೆ.

ಸಿಂಗಾಪುರದಲ್ಲಿ ಜ್ವಾಲಾಮುಖಿ ಇಲ್ಲ. ಹಾಗಾದ್ರೆ ನೀರು ಬಿಸಿ ಹೇಗೆ? ದ್ವೀಪದ ಈ ಭಾಗದ ಅಡಿಯಲ್ಲಿರೋದು ಗ್ರಾನೈಟ್. ಮಳೆನೀರು ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿದು, ಅಲ್ಲಿನ ಬಿಸಿ ಕಲ್ಲಿನಿಂದ ಕಾದು, ಇನ್ನೊಂದು ಬಿರುಕು ಹಿಡಿದು ಮೇಲೆ ಬರುತ್ತೆ. ನನ್ಯಾಂಗ್ ಟೆಕ್ನಾಲಜಿಕಲ್ ಯೂನಿವರ್ಸಿಟಿಯವರು ಇತ್ತೀಚೆಗೆ ಇದೇ ಉತ್ತರ ಭಾಗದಲ್ಲಿ ಕೊಳವೆಬಾವಿ ಕೊರೆದು ನೋಡಿದಾಗ 1.76 ಕಿಲೋಮೀಟರ್ ಆಳದಲ್ಲಿ 122 ಡಿಗ್ರಿ ಸಿಕ್ತು. ಈಗ ಅದರಿಂದ ಶಕ್ತಿ ಪಡೆಯಬಹುದಾ ಅನ್ನೋ ಚರ್ಚೆ ನಡೀತಿದೆ. ಅದು ಬೇರೆ ಎಪಿಸೋಡ್‌ಗೆ ಆಗೋವಷ್ಟು ವಿಷಯ.

ಜಮೀನು ಆಗ ಸಿಯಾ ಎಂಗ್ ಕಿಯೊಂಗ್ ಅನ್ನೋ ಚೀನೀ ವ್ಯಾಪಾರಿಯದ್ದು. ವ್ಯಾಪಾರಿಯ ಜಮೀನಿನಲ್ಲಿ ಖನಿಜ ನೀರು ಉಕ್ಕಿದ್ರೆ ಆತ ಏನು ಮಾಡ್ತಾನೆ? ಬಾಟಲಿಗೆ ತುಂಬ್ತಾನೆ. ಜೊಂಬುನ್ ಅನ್ನೋ ಬ್ರಾಂಡ್‌ನಲ್ಲಿ ಈ ನೀರು ಮಾರಾಟಕ್ಕೆ ಬಂತು. 1920ರ ದಶಕದ ಆರಂಭದಲ್ಲಿ ಫ್ರೇಸರ್ ಅಂಡ್ ನೀವ್ ಕಂಪನಿ ಜಾಗವನ್ನ ಕೊಂಡುಕೊಂಡಿತು. 1883ರಿಂದ ಸೋಡಾ ವ್ಯಾಪಾರದಲ್ಲಿದ್ದ ಕಂಪನಿ ಇದು, ಇವತ್ತಿಗೂ ಅಲ್ಲಿನ ಅಂಗಡಿಗಳಲ್ಲಿ ಅವರ ಜ್ಯೂಸ್, ಸೋಡಾ ಸಿಗುತ್ತೆ. ಅವರು ಪ್ಲಾಂಟ್ ಹಾಕಿ ನೀರನ್ನ ಬಾಟಲಿ ಮಾಡಿದ್ರು. ಚಿಲುಮೆಯ ಸುತ್ತ ಮೊದಲು ಎದ್ದ ದೊಡ್ಡ ಕಟ್ಟಡ ಸ್ನಾನಕ್ಕಲ್ಲ, ಪ್ರವಾಸಿಗಳಿಗಲ್ಲ, ಫ್ಯಾಕ್ಟರಿಗೆ. ಆ ಕಾಲದ ನೆನಪಾಗಿ ಒಂದು ಚಿಕ್ಕ ಕೆಂಪು ಇಟ್ಟಿಗೆ ಕಟ್ಟಡ ಇವತ್ತಿಗೂ ಅಲ್ಲಿ ನಿಂತಿದೆ. ಅದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ಕೈಗೆ ಬಿತ್ತು. ಬಿಸಿನೀರಿನ ಚಿಲುಮೆ ಕಂಡ ಜಪಾನೀ ಸೈನ್ಯಕ್ಕೆ ತಮ್ಮೂರು ನೆನಪಾಗದೇ ಇರುತ್ತಾ? ಸ್ನಾನದ ತೊಟ್ಟಿಗಳನ್ನ ಕಟ್ಟಿಕೊಂಡ್ರು. ಊರಿಗೆ ಊರೇ ಅಕ್ಕಿಗೆ ಪರದಾಡ್ತಿದ್ದ ಕಾಲ ಅದು. ಬಿಸಿನೀರಿನ ಸುಖ ಆಕ್ರಮಣಕಾರರಿಗೆ. ಯುದ್ಧದ ಕೊನೆಯ ಹಂತದಲ್ಲಿ ಮಿತ್ರಪಡೆಗಳ ಬಾಂಬ್ ಈ ಪ್ರದೇಶದಲ್ಲಿ ಬಿದ್ದು, ನೀರಿನ ಹರಿವೇ ಕೆಲವು ವರ್ಷ ಏರುಪೇರಾಯ್ತು. ಮೇಲಿನ ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು. ಕೆಳಗಿನ ಬಿರುಕಿನ ದಾರಿ ತಪ್ಪಿದ್ರೆ ಯಾವ ಇಂಜಿನಿಯರ್ ಏನು ಮಾಡಕ್ಕಾಗುತ್ತೆ ಹೇಳಿ.

ಇಲ್ಲಿ ಒಂದು ಕ್ಷಣ ಚಿಲುಮೆ ಬಿಟ್ಟು ಬೆಂಗಳೂರಿಗೆ ಬನ್ನಿ. ಸಿಂಗಾಪುರದ ಕತೆಗೂ ನಮಗೂ ಇರೋ ಕೊಂಡಿ ಇದು, ನನಗೆ ಇದು ಸಿಕ್ಕಾಗ ನಿಜಕ್ಕೂ ಖುಷಿಯಾಯ್ತು.

1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಒಬ್ಬ ಯುವ ವಾಸ್ತುಶಿಲ್ಪಿ ಬಂದ್ರು. ಹೆಸರು ಓಟ್ಟೋ ಕೋನಿಗ್ಸ್‌ಬರ್ಗರ್. ಬರ್ಲಿನ್‌ನವರು, ಯಹೂದಿ ಮನೆತನ, ಹಿಟ್ಲರ್‌ನ ಜರ್ಮನಿ ಬಿಟ್ಟು ಈಜಿಪ್ಟ್‌ನಲ್ಲಿ ಕೆಲವು ವರ್ಷ ಕಳೆದವರು. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಬಾರ್ನ್ ಸಿ.ವಿ. ರಾಮನ್ ಆಹ್ವಾನದ ಮೇಲೆ ನಮ್ಮ ಐಐಎಸ್‌ಸಿಯಲ್ಲಿ ಸ್ವಲ್ಪ ಕಾಲ ಇದ್ದು ಹೋಗಿದ್ದವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಕೋನಿಗ್ಸ್‌ಬರ್ಗರ್ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ ಆದ್ರು. ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ಅವರು ಮಾಡಿದ ಕಟ್ಟಡಗಳು ಇವತ್ತಿಗೂ ಇವೆ, ಬಸವನಗುಡಿಯ ಕೃಷ್ಣರಾವ್ ಪಾರ್ಕ್‌ನ ಪೆವಿಲಿಯನ್ ಕೂಡ ಅವರದ್ದೇ. ಆ ಪೆವಿಲಿಯನ್ ಪಕ್ಕ ವಾಕ್ ಮಾಡೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಯುರೋಪಿನಲ್ಲಿ ಕಲಿತದ್ದು ಬಿಸಿಲು, ಮಳೆ, ಗಾಳಿ ಬೇರೆಯೇ ಆಗಿರೋ ಊರಲ್ಲಿ ಎಷ್ಟು ಕೆಲಸಕ್ಕೆ ಬರುತ್ತೆ? ಈ ಪ್ರಶ್ನೆ ಅವರಿಗೆ ಎದುರಾಗಿದ್ದು ಇಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಕೆಲವು ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದು, 1950ರ ದಶಕದ ಆರಂಭದಲ್ಲಿ ಲಂಡನ್‌ಗೆ ಹೋದ್ರು. ಅದೇ ಸಮಯದಲ್ಲಿ ಅಡೆಡೋಕುನ್ ಅಡೆಯೆಮಿ ಅನ್ನೋ ನೈಜೀರಿಯಾದ ವಿದ್ಯಾರ್ಥಿ ಬ್ರಿಟನ್‌ನಲ್ಲಿ ಒಂದು ತಕರಾರು ಎತ್ತಿದ್ದ. ಇಲ್ಲಿ ಕಲಿಸೋ ಪಾಠ ನಮ್ಮೂರಿನ ಹವೆಗೆ ಉಪಯೋಗಕ್ಕೆ ಬರಲ್ಲ ಅಂತ. 1953ರಲ್ಲಿ ಈ ಬಗ್ಗೆ ದೊಡ್ಡ ಸಮ್ಮೇಳನ ನಡೀತು. 1954ರಲ್ಲಿ ಲಂಡನ್‌ನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಟ್ರಾಪಿಕಲ್ ಆರ್ಕಿಟೆಕ್ಚರ್ ವಿಭಾಗ ಶುರುವಾಯ್ತು. ಕೆಲವೇ ವರ್ಷದಲ್ಲಿ ಅದರ ಮುಖ್ಯಸ್ಥರಾದವರು ಕೋನಿಗ್ಸ್‌ಬರ್ಗರ್.

ಟ್ರಾಪಿಕಲ್ ಆರ್ಕಿಟೆಕ್ಚರ್ ಅಂದ್ರೆ ಬಿದಿರು, ಹುಲ್ಲಿನ ಮಾಡು, ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಬರೋ ಬಾಲಿ ವಿಲ್ಲಾ ಅಂತ ಅಂದುಕೊಂಡಿದ್ರೆ ಸ್ವಲ್ಪ ತಡೀರಿ. ಅವರ ಕಾಲದಲ್ಲಿ ಅದು ಒಣ ಲೆಕ್ಕಾಚಾರ. ಆ ವಿಭಾಗದ ಕೆಲಸದಿಂದ ಬಂದ ಮಹೋನಿ ಟೇಬಲ್ ಅಂತ ಒಂದಿದೆ. ನಿಮ್ಮೂರಿನ ಪ್ರತಿ ತಿಂಗಳ ಉಷ್ಣಾಂಶ, ತೇವಾಂಶ, ಮಳೆ, ಗಾಳಿ ತುಂಬಿಸ್ತೀರಿ. ಕೂಡಿ ಕಳೆದು ಕೊನೆಗೆ ಉತ್ತರ ಬರುತ್ತೆ. ಕಿಟಕಿ ಎಷ್ಟು ದೊಡ್ಡದಿರಬೇಕು, ಗೋಡೆ ದಪ್ಪವೋ ತೆಳುವೋ, ಕಟ್ಟಡಗಳ ನಡುವೆ ಗಾಳಿಗೆ ಜಾಗ ಬಿಡಬೇಕೋ ಬೇಡವೋ. ಬ್ಯಾಲೆನ್ಸ್ ಶೀಟ್ ಥರಾನೇ. ಬಿಸಿ ಜೊತೆ ತೇವವೂ ಇರೋ ಊರಿಗೆ ಅದು ಹೇಳೋದು ಏನು ಗೊತ್ತಾ? ಗೋಡೆ ಕಡಿಮೆ ಮಾಡಿ, ಎದುರುಬದುರು ತೆರೆದಿಡಿ, ಹಗುರ ಛಾವಣಿ ಹಾಕಿ, ಸೂರು ಉದ್ದಕ್ಕೆ ಚಾಚಿ, ಮಳೆ ಒಳಗೆ ಬರದ ಹಾಗೆ ನೋಡ್ಕೊಳ್ಳಿ.

ಇದನ್ನ ನಮ್ಮ ಅಜ್ಜಿ ಮನೆಯ ಜಗಲಿ ಹೇಳ್ತಿರಲಿಲ್ವಾ ಅಂತ ಮಲೆನಾಡಿನ ಕೇಳುಗರು ಕೇಳಬಹುದು. ಖಂಡಿತ. ಮಲಯ್ ಹಳ್ಳಿಯ ಮನೆಯೂ ಅದನ್ನೇ ಹೇಳ್ತಿತ್ತು. ಕಂಬದ ಮೇಲೆ ಎತ್ತಿದ ನೆಲ, ತಾಳೆ ಜಾತಿಯ ಗರಿಯ ಮಾಡು, ಕೆಳಗಿಂದಲೂ ಗಾಳಿ. ಸೆಂಬವಾಂಗ್ ಸುತ್ತಮುತ್ತ ಬ್ರಿಟಿಷ್ ನೌಕಾನೆಲೆಯ ಅಧಿಕಾರಿಗಳಿಗೆ ಕಟ್ಟಿದ ಕಪ್ಪು ಬಿಳುಪಿನ ಬಂಗಲೆಗಳಿವೆ. ಬಿಳಿ ಗೋಡೆ, ಕಪ್ಪು ಮರದ ಚೌಕಟ್ಟು, ಅಗಲ ವರಾಂಡ. ಅವು ಈ ಮಲಯ್ ಮನೆಯಿಂದಲೂ ನಮ್ಮ ದೇಶದ ಬಂಗಲೆಯಿಂದಲೂ ಕಲಿತು ಹುಟ್ಟಿದವು. ಲಂಡನ್ ವಿಭಾಗ ಮಾಡಿದ್ದು ಹಳ್ಳಿಯವರಿಗೆ ಗೊತ್ತಿದ್ದನ್ನ ಅಂಕಿಗೆ ಇಳಿಸಿದ್ದು. ಕ್ರೆಡಿಟ್ ಯಾರಿಗೆ ಹೋಯ್ತು ಅನ್ನೋದರಲ್ಲಿ ನನಗೂ ತಕರಾರಿದೆ. ಆದ್ರೆ ಅಂಕಿಗೆ ಇಳಿದ ಮೇಲೆ ಸರ್ಕಾರಗಳು ಕಿವಿಗೊಟ್ಟವು ಅನ್ನೋದೂ ನಿಜ.

1963ರಲ್ಲಿ ವಿಶ್ವಸಂಸ್ಥೆ ಸಿಂಗಾಪುರಕ್ಕೆ ಮೂರು ಜನರ ತಂಡ ಕಳಿಸ್ತು. ಚಾರ್ಲ್ಸ್ ಅಬ್ರಾಮ್ಸ್, ಸುಸುಮು ಕೋಬೆ, ಮತ್ತು ನಮ್ಮ ಮೈಸೂರಿನ ಹಳೇ ಮುಖ್ಯ ವಾಸ್ತುಶಿಲ್ಪಿ. ದ್ವೀಪದ ನಡುವಿನ ಜಲಾಶಯ ಪ್ರದೇಶವನ್ನ ಹಾಗೇ ಬಿಟ್ಟು, ಸುತ್ತ ಬಳೆಯ ಥರ ಊರುಗಳನ್ನ ಕಟ್ಟಿ ಅಂತ ಅವರು ಕೊಟ್ಟ ಯೋಚನೆ ಮುಂದಿನ ನಗರ ಯೋಜನೆಯಲ್ಲಿ ಗುರುತು ಬಿಟ್ಟಿದೆ. ಈ ಬಿಸಿನೀರಿನ ಚಿಲುಮೆಗೂ ಅವರಿಗೂ ನೇರ ಸಂಬಂಧ ಏನೂ ಇಲ್ಲ, ಇಲ್ಲದ್ದನ್ನ ಸೃಷ್ಟಿ ಮಾಡೋದು ಬೇಡ. ಆದ್ರೆ ಅವರ ಲೆಕ್ಕದ ಪಾಠ ಮತ್ತು ಸಿಂಗಾಪುರ ನಿಜವಾಗಿ ಹಿಡಿದ ದಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ದೇಶ ಹಿಡಿದದ್ದು ಏಸಿ ದಾರಿ. ಲೀ ಕ್ವಾನ್ ಯೂ ತಮ್ಮ ದೇಶದ ಯಶಸ್ಸಿಗೆ ಏರ್ ಕಂಡೀಷನರ್ ಒಂದು ಮುಖ್ಯ ಕಾರಣ ಅಂತ ಬಹಿರಂಗವಾಗೇ ಹೇಳ್ತಿದ್ರು. ಆಫೀಸಿಗೆ ಅದು ಸರಿ ಇರಬಹುದು. ಬಿಸಿನೀರಿನ ಚಿಲುಮೆಗೆ ಆ ದಾರಿ ಹಿಡಿದಿದ್ರೆ ಏನಾಗ್ತಿತ್ತು?

ಉತ್ತರ ನೋಡ್ಬೇಕು ಅಂದ್ರೆ ಪಕ್ಕದ ಮಲೇಷ್ಯಾಕ್ಕೆ ಹೋದರೆ ಸಾಕು. ಇಪೋ ನಗರದ ಹತ್ತಿರ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಬಿಸಿನೀರಿನ ಐಷಾರಾಮಿ ರಿಟ್ರೀಟ್ ಇದೆ. ಖಾಸಗಿ ಕೊಳ ಇರೋ ವಿಲ್ಲಾ, ಗುಹೆಯೊಳಗೆ ಸ್ಟೀಮ್. ಫೋಟೋ ನೋಡಿದ್ರೆ ಬಾಯಿ ಬಿಡ್ತೀರಿ, ರೇಟ್ ನೋಡಿದ್ರೆ ಮುಚ್ಚಿಕೊಳ್ತೀರಿ. ಇಕೋ ಟೂರಿಸಂ ಬ್ರೋಷರ್‌ಗಳಲ್ಲಿ ಬರೋ 'ಸುಸ್ಥಿರ' ಅನ್ನೋ ಪದ ಎಷ್ಟೋ ಸಲ ಮರದ ತೊಲೆ ಮತ್ತು ಸೋಲಾರ್ ಪ್ಯಾನೆಲ್ ಎಣಿಸಿ ಅಲ್ಲಿಗೇ ನಿಲ್ಲುತ್ತೆ. ಊರವರು ಆ ನೀರು ಮುಟ್ಟಬಹುದಾ ಅನ್ನೋ ಪ್ರಶ್ನೆ ಲೆಕ್ಕಕ್ಕೇ ಬರಲ್ಲ. ನನಗೆ ಅದು ಮೊದಲ ಸಾಲಿನಲ್ಲೇ ಬರಬೇಕಾದ ಪ್ರಶ್ನೆ.

ಸರಿ, ಸೆಂಬವಾಂಗ್‌ಗೆ ವಾಪಸ್. ಯುದ್ಧದ ನಂತರ ನೀರು ಮತ್ತೆ ಹರಿಯಿತು, ಜನ ಮತ್ತೆ ಬಂದ್ರು. 1967ರಲ್ಲಿ ಫ್ರೇಸರ್ ಅಂಡ್ ನೀವ್ ಅಂಗಸಂಸ್ಥೆಯೊಂದರ ಮೂಲಕ ಮತ್ತೆ ಬಾಟಲಿ ಕೆಲಸಕ್ಕೆ ಕೈಹಾಕ್ತು. ಆ ಅಂಗಸಂಸ್ಥೆಯ ಹೆಸರು ಸೆಮಂಗಾತ್ ಆಯರ್, ಅಂದ್ರೆ ನೀರಿನ ಚೈತನ್ಯ. ಚೈತನ್ಯ ತುಂಬಾ ಕಾಲ ಉಳಿಯಲಿಲ್ಲ. 1985ರಲ್ಲಿ ಸೆಂಬವಾಂಗ್ ವಾಯುನೆಲೆ ವಿಸ್ತರಿಸೋಕೆ ಸರ್ಕಾರ ಈ ಜಮೀನನ್ನ ವಶಕ್ಕೆ ತಗೊಂಡಿತು. ಫ್ಯಾಕ್ಟರಿ ಹೋಯ್ತು. ಅದೇ ದಶಕಗಳಲ್ಲಿ ದ್ವೀಪದ ಕಂಪುಂಗ್‌ಗಳು ಒಂದೊಂದಾಗಿ ತೆರವಾಗಿ ಜನ ಸರ್ಕಾರಿ ಫ್ಲ್ಯಾಟ್‌ಗಳಿಗೆ ಹೋದ್ರು. ಬಿಸಿನೀರಿನ ಹಳ್ಳಿಯಲ್ಲಿ ಹಳ್ಳಿ ಇಲ್ಲವಾಯ್ತು, ಬಿಸಿನೀರು ಮಾತ್ರ ಉಳೀತು. ಅದೂ ಮಿಲಿಟರಿ ಜಾಗದಲ್ಲಿ.

ಇಲ್ಲಿಂದ ಮುಂದಿನದು ನನಗೆ ಈ ಕತೆಯಲ್ಲಿ ಅತಿ ಇಷ್ಟವಾದ ಭಾಗ. ಜನ ಬರೋದು ನಿಲ್ಲಿಸಲಿಲ್ಲ. ಸಂಧಿವಾತ ಇರೋ ಹಿರಿಯರು, ಚರ್ಮದ ತೊಂದರೆ ಇರೋರು, ಸುಮ್ನೆ ಕಾಲು ನೋವು ಅನ್ನೋರು. ಇದರಿಂದ ಕಾಯಿಲೆ ವಾಸಿಯಾಗುತ್ತೆ ಅಂತ ನಾನು ಹೇಳ್ತಿಲ್ಲ, ಬೆಚ್ಚನೆ ನೀರಿಗೆ ಕಾಲಿಟ್ರೆ ಹಾಯೆನಿಸುತ್ತೆ ಅನ್ನೋದರಲ್ಲಿ ಮಾತ್ರ ಅನುಮಾನ ಇಲ್ಲ. 2002ರಲ್ಲಿ ವಾಯುನೆಲೆ ಕಾಮಗಾರಿಗೆ ಅಂತ ಚಿಲುಮೆಯ ದಾರಿ ಮುಚ್ಚಿದಾಗ ಜನ ಮನವಿ ಮೇಲೆ ಮನವಿ ಕೊಟ್ರು. ಸಿಂಗಾಪುರದಲ್ಲಿ ರಕ್ಷಣಾ ಇಲಾಖೆಯ ಎದುರು ಸಾರ್ವಜನಿಕರ ಮಾತು ಗೆಲ್ಲೋದು ದಿನನಿತ್ಯದ ಸುದ್ದಿ ಅಲ್ಲ. ಆದರೂ ಅದೇ ವರ್ಷ ದಾರಿ ಮತ್ತೆ ತೆರೀತು. ಎರಡೂ ಬದಿಗೆ ಬೇಲಿ ಹಾಕಿದ ಉದ್ದನೆಯ ದಾರಿ, ಅದರ ತುದಿಗೆ ಕಾಂಕ್ರೀಟ್ ನೆಲ, ಒಂದಷ್ಟು ನಲ್ಲಿ. ಅಷ್ಟೇ. ಜನರೇ ಪ್ಲಾಸ್ಟಿಕ್ ಬಕೆಟ್ ಮತ್ತು ಕುರ್ಚಿ ತಂದ್ರು. ಬಿಸಿನೀರು ಹಿಡಿದು, ತಣಿಯೋವರೆಗೂ ಹರಟೆ ಹೊಡೆದು, ಆಮೇಲೆ ಕಾಲಿಟ್ಟು ಕೂತ್ರು. ಈ ಹಂತದಲ್ಲಿ ಅಲ್ಲಿನ ವಾಸ್ತುಶಿಲ್ಪ ಅಂದ್ರೆ ಒಂದು ಕೆಂಪು ಬಕೆಟ್.

ಹೀಗೆ ಹದಿನಾರು ವರ್ಷ ನಡೀತು. ಆಮೇಲೆ ರಾಷ್ಟ್ರೀಯ ಉದ್ಯಾನ ಮಂಡಳಿ ಜಾಗ ವಹಿಸಿಕೊಂಡು, ಸ್ಥಳೀಯರ ಅಭಿಪ್ರಾಯ ಕೇಳಿ, 2018ರಲ್ಲಿ ಕೆಲಸಕ್ಕೆ ಮುಚ್ಚಿ, 2020ರ ಜನವರಿ 4ರಂದು ಪಾರ್ಕ್ ಮಾಡಿ ತೆರೀತು. ವಿನ್ಯಾಸ ನೋಡಿದ್ರೆ ಬಕೆಟ್ ಹಿಡಿದವರನ್ನ ಅವರು ಗಮನಿಸಿದಾರೆ ಅಂತ ಗೊತ್ತಾಗುತ್ತೆ. ಬಕೆಟ್‌ನಲ್ಲಿ ತಣಿಯೋ ನೀರನ್ನ ಮೆಟ್ಟಿಲು ಕೊಳ ಮಾಡಿದ್ರು. 70 ಡಿಗ್ರಿಯ ನೀರು ಹಂತಹಂತವಾಗಿ ಕೆಳಗಿಳೀತಾ 40 ಡಿಗ್ರಿ ಆಸುಪಾಸಿಗೆ ಬರುತ್ತೆ, ಕೊನೆಯಲ್ಲಿ ಜನ ಕಾಲಿಡ್ತಾರೆ. ಇಲ್ಲಿ ಒಂದು ಸೊಗಸಾದ ವಿಜ್ಞಾನ ಇದೆ. ಆಗಲೇ ಹೇಳಿದೆನಲ್ಲ, ತೇವದ ಗಾಳಿಯಲ್ಲಿ ಬೆವರು ಆರಲ್ಲ ಅಂತ. ಯಾಕಂದ್ರೆ ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿ ಆಗಲೇ ಇರೋ ಆವಿಯ ಒತ್ತಡಕ್ಕೂ ವ್ಯತ್ಯಾಸ ತುಂಬಾ ಕಡಿಮೆ. ಆದ್ರೆ 70 ಡಿಗ್ರಿಯ ನೀರು ಎಂಥ ತೇವದ ಗಾಳಿಯಲ್ಲೂ ಜೋರಾಗೇ ಆವಿಯಾಗುತ್ತೆ, ಆವಿಯಾಗ್ತಾ ತಣಿಯುತ್ತೆ. ಅಗಲವಾಗಿ ಹರಡಿ, ತೆರೆದ ಗಾಳಿಗೆ ಬಿಟ್ರೆ ಸಾಕು. ಗೋಡೆ ಇದ್ದಿದ್ರೆ ಇದು ಇಷ್ಟು ಚೆನ್ನಾಗಿ ನಡೀತಿರಲಿಲ್ಲ. ಹವೆಯ ಲೆಕ್ಕ ಹಾಕಿದವರು ಬರೆದ 'ಗೋಡೆ ಕಡಿಮೆ ಮಾಡಿ' ಅನ್ನೋ ಸಾಲು ಇಲ್ಲಿ ಕೊಳವಾಗಿದೆ.

ಮೈ ಮುಳುಗಿಸೋ ಸ್ನಾನ ಇಲ್ಲ, ಪಾದ ಮಾತ್ರ. 31 ಡಿಗ್ರಿಯ ಊರಿಗೆ ಇದೂ ಸರಿಯಾದ ಆಯ್ಕೆ ಅಂತ ನನ್ನ ಅನಿಸಿಕೆ. ಕಾಲಷ್ಟೇ ಬಿಸಿನೀರಲ್ಲಿ, ಉಳಿದ ಮೈ ನೆರಳು ಗಾಳಿಯಲ್ಲಿ. ಬಟ್ಟೆ ಬದಲಿಸೋ ಕೋಣೆಗಳ ಸಾಲು ಬೇಡ, ಲಾಕರ್ ಬೇಡ, ಸೋಪು ಬೆರೆತ ನೀರನ್ನ ಶುದ್ಧ ಮಾಡೋ ಘಟಕ ಬೇಡ. ಹಂಗಾಗಿ ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ಒಂದೇ ಕಟ್ಟೆಯಲ್ಲಿ ಕೂರಬಹುದು. ಬೇರೆಬೇರೆ ಧರ್ಮದ, ಬೇರೆಬೇರೆ ಉಡುಪಿನ ಜನ ಇರೋ ದೇಶದಲ್ಲಿ ಇದು ಸಣ್ಣ ವಿಷಯ ಅಲ್ಲ. ವೀಲ್‌ಚೇರ್ ಹೋಗೋ ದಾರಿ ಇದೆ, ಮನೆಗೆ ನೀರು ಹಿಡಿಯೋಕೆ ನಲ್ಲಿ ಇದೆ, ಮೊಟ್ಟೆ ಬೇಯಿಸೋಕೆ ಬೇರೆ ಜಾಗ ಇದೆ. ಆ ಕೆಂಪು ಇಟ್ಟಿಗೆ ಕಟ್ಟಡವನ್ನ ಕೆಡವದೆ ನಡುವೆ ಉಳಿಸಿಕೊಂಡಿದ್ದಾರೆ. ಸುತ್ತ ಹಳ್ಳಿಯ ಹಿತ್ತಲಲ್ಲಿ ಇರ್ತಿದ್ದಂಥ ಹಣ್ಣಿನ ಮರಗಳು.

ಆ ಮರಗಳ ಬಗ್ಗೆ ನನಗೊಂದು ಕಿರಿಕಿರಿ ಇದೆ, ಹೇಳಿಬಿಡ್ತೀನಿ. ಹಳ್ಳಿಯನ್ನ ತೆರವು ಮಾಡಿ, ಕೆಲವು ದಶಕದ ನಂತರ ಹಳ್ಳಿಯ ವಾತಾವರಣ ಅಂತ ಗಿಡ ನೆಟ್ಟು ಫಲಕ ಹಾಕೋದು ಸ್ವಲ್ಪ ವಿಚಿತ್ರ. ಹಲಸಿನ ಮರ ನೆಡಬಹುದು, ಅದರ ಹಣ್ಣಿಗೆ ಜಗಳ ಆಡ್ತಿದ್ದ ಅಕ್ಕಪಕ್ಕದ ಮನೆಯವರನ್ನ ನೆಡಕ್ಕಾಗಲ್ಲ. ಪಾರ್ಕ್‌ನಲ್ಲಿ ಕೆಫೆ ಬಂದಿದೆ, ವೀಕೆಂಡ್ ರಶ್ ಇರುತ್ತೆ, ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಅನ್ನೋ ಸಮಯದ ಬೋರ್ಡು ಇದೆ. ಬಕೆಟ್ ಕಾಲದ ಆರಾಮ ಪೂರ್ತಿ ಉಳಿದಿದೆ ಅನ್ನಕ್ಕಾಗಲ್ಲ. ಆದರೂ ಹೋಲಿಸಿ ನೋಡಿ. ಸೋಡಾ ಫ್ಯಾಕ್ಟರಿ ಈ ನೀರನ್ನ ದುಡ್ಡು ಕೊಟ್ಟವರಿಗೆ ಕೊಡ್ತು. ಜಪಾನೀ ಸೈನ್ಯ ಸೈನಿಕರಿಗೆ ಕೊಡ್ತು. ವಾಯುನೆಲೆ ಬೇಲಿ ಹಾಕ್ತು. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಬನ್ನಿ ಅಂದ ಮೊದಲ ಕಟ್ಟಡ ಈ ಗೋಡೆ ಇಲ್ಲದ ಮೆಟ್ಟಿಲು ಕೊಳ.

ಬೆಂದ್ರುತೀರ್ಥದ ಥರದ ಜಾಗಗಳಿಗೆ ನಮ್ಮಲ್ಲಿ ಅಭಿವೃದ್ಧಿ ಯೋಜನೆ ಅಂತ ಬಂದಾಗ ಮೊದಲು ಬರೋದು ಕಮಾನು, ಇಂಟರ್‌ಲಾಕ್ ಟೈಲ್ಸ್, ಶಾಸಕರ ಹೆಸರಿರೋ ಫಲಕ. ಆಗ ಮೀಟಿಂಗ್‌ಗೆ ಹೋಗೋರು ಯಾರಾದ್ರೂ ಈ ಎಪಿಸೋಡ್ ಕೇಳ್ತಿದ್ರೆ ಮೂರು ಪ್ರಶ್ನೆ ಕೇಳಿ. ನೀರಿನ ಬಿಸಿ ಎಷ್ಟು ಅಂತ ಅಳೆದಿದೀರಾ? ಸುತ್ತ ಕೊಳವೆಬಾವಿ ಎಷ್ಟಿವೆ? ದಿನಾ ಇಲ್ಲಿ ಬಂದು ಕೂರೋ ಊರವರನ್ನ ಕೇಳಿದೀರಾ?

ಸಿಂಗಾಪುರದಲ್ಲಿರೋ ಕನ್ನಡದ ಕೇಳುಗರಿಗೆ ಕೊನೆಯದಾಗಿ ಒಂದು ಟಿಪ್. ಹೋಗೋದಿದ್ರೆ ವಾರದ ದಿನ ಬೆಳಿಗ್ಗೆ ಬೇಗ ಹೋಗಿ, ಮೊಟ್ಟೆ ನೀವೇ ತಗೊಂಡು ಹೋಗಿ. ನೀರು ಕುದಿಯೋ ಬಿಸಿ ಇರಲ್ಲ, ಹಂಗಾಗಿ ಅವಸರ ಮಾಡಿದ್ರೆ ಬೇಯಲ್ಲ. ಅರ್ಧ ಗಂಟೆಯಾದ್ರೂ ಬಿಡಿ. ಹಳದಿ ಗಟ್ಟಿಯಾಗಿ ಬಿಳಿ ಮೆತ್ತಗೇ ಉಳಿದಿದ್ರೆ ಗಾಬರಿ ಬೇಡ, ಆ ಬಿಸಿಗೆ ಬೆಂದ ಮೊಟ್ಟೆ ಹಂಗೇ ಇರೋದು. ಉಪ್ಪು, ಮೆಣಸಿನಪುಡಿ ಜೊತೆಗಿರಲಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.